ಹೇಳದೆ ಬಿಟ್ಟ ದೂರ

ಬನ್ನೂರು
೧೪ ಮಾರ್ಚ್ ೨೦೨೬

ವನಜಾಕ್ಷಿ,

ಮಾವನ ಹಾರೈಕೆ. ನಿನ್ನ ಮಗಳು ಲಿಖಿತಾಳ ಎಡಗಿವಿಗೆ ಈಗಲೂ ಏನೂ ಕೇಳಿಸುವುದಿಲ್ಲವೆಂದು ನಿನ್ನ ಅವ್ವ, ನನ್ನ ಅಕ್ಕ, ಹೇಳಿದಳು. ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಕೊಡದೆ ನಾನು ನಾಲೆಯ ನೀರಿನ ಮಾತಾಡಿದೆ. ಗಡಿಯ ಆ ಪಟ್ಟಣದಲ್ಲಿ ಶಾಲೆ ಮತ್ತೆ ತೆರೆದಿದೆ, ಅಲ್ಲಿನ ಬ್ಯಾಂಕಿನಲ್ಲಿರುವ ನಿನ್ನ ಗಂಡ ಗುರು ಕರೆಯುತ್ತಿದ್ದಾನೆ, ತವರು ತಗಡೂರಿನಿಂದ ಮಗುವನ್ನು ಕರೆದುಕೊಂಡು ಹೊರಡಲೇ ಎಂದು ನೀನು ಕೇಳಿದ್ದೆ. ಬರೆಯುವಾಗ ಮಾತು ತಪ್ಪಿಸುವುದು ಕಷ್ಟ. ಅದಕ್ಕೇ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ, ಮೊದಲ ಸಲ ಅಲ್ಲಿಗೆ ಹೊರಟಾಗಲೂ ನೀನು ಇದನ್ನೇ ಕೇಳಿದ್ದೆ. ನಡುಮನೆಯಲ್ಲಿ ಮಣೆಯ ಮೇಲೆ ಕೂತಿದ್ದೆ. ಸೆರಗಿನಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ. ಅಲ್ಲಿ ಶೆಲ್ ಬೀಳ್ತವಾ ಮಾವ ಅಂದೆ. ನನಗಿಂತ ಮೊದಲು ಅಕ್ಕ, "ಒರ್ಡೋ ಒತ್ನಲ್ಲಿ ಏನ್ ಮಾತವ್ವ ಅದು? ಇಪ್ಪತ್ತೆರಡು ವರ್ಸ ಫಿರಂಗಿ ತಾವ ಇದ್ದೋನು ಇಲ್ಲೇ ಕುಂತವ್ನೆ, ಅವ್ನೇ ಏಳ್ಲಿ" ಅಂದಳು. ಪಕ್ಕದ ಮನೆಯ ಮರಿತಾಯಮ್ಮ, "ಅವ್ನಿಗೆ ಎಂಡ್ರು ಕೂಗೋದೇ ಕೇಳಾಕಿಲ್ಲ, ಇನ್ನ ಶೆಲ್ ಕೇಳ್ತದಾ!" ಅಂದಳು. ಎಲ್ಲರೂ ನಕ್ಕರು. ಮಡಿಲು ತುಂಬಿಸಿಕೊಂಡವಳಿಗೆ ಯಾರೂ ಹೋಗಬೇಡ ಎನ್ನುವುದಿಲ್ಲ. ಮಧ್ಯೆ ಬೆಟ್ಟ ಅದೆ ಕಣವ್ವ, ಏನೂ ಆಗಕಿಲ್ಲ, ಓಗ್ಬಾ ಎಂದೆ.

ಬೆಟ್ಟವೇನೋ ಇತ್ತು. ಆದರೆ ಶೆಲ್ ನೆಟ್ಟಗೆ ಬರುವುದಿಲ್ಲ, ಮೇಲೇರಿ ಬಾಗಿ ಇಳಿಯುತ್ತದೆ. ಬೆಟ್ಟ ಫಿರಂಗಿಯನ್ನು ನಮ್ಮ ಕಣ್ಣಿಗೆ ಮರೆಮಾಡುತ್ತದೆ, ಅಷ್ಟೆ. ಹಿಂದಿನ ದಿನವೇ ನಕ್ಷೆಯಲ್ಲಿ ಅಳೆದಿದ್ದೆ. ಗಡಿಯಿಂದ ನಿಮ್ಮ ಕ್ವಾರ್ಟರ್ಸಿಗೆ ಒಂಬತ್ತು ಕಿಲೋಮೀಟರು. ಗಡಿಗಿಂತ ಇನ್ನೂ ಹತ್ತು ಕಿಲೋಮೀಟರು ಆಚೆ ನಿಂತ ಫಿರಂಗಿಗೂ ಅದು ಎಟುಕುವ ದೂರ. ಹೊಡೆಯಬಲ್ಲರೇ ಎಂಬುದು ಲೆಕ್ಕ. ಹೊಡೆಯುತ್ತಾರೆಯೇ ಎಂಬುದು ಊಹೆ. ಜನವಿರುವ ಊರಿನ ಮೇಲೆ ಹೊಡೆಯಲಾರರು ಎಂಬ ಊಹೆಯನ್ನು ನಿನಗೆ ಲೆಕ್ಕವೆಂಬಂತೆ ಕೊಟ್ಟೆ.

ಹೋದ ವರ್ಷ ನಿಮ್ಮ ಬೀದಿಗೆ ಶೆಲ್ ಬಿದ್ದ ಬೆಳಿಗ್ಗೆ ನೀನು ಮೊದಲು ಫೋನು ಮಾಡಿದ್ದು ನನಗೆ. ಬೈಯಲಿಲ್ಲ. ಮಗುವನ್ನು ಯಾವ ಗೋಡೆಯ ಪಕ್ಕ ಮಲಗಿಸಲಿ ಎಂದು ಕೇಳಿದೆ. ಆಗಲೂ ನನ್ನನ್ನೇ ನಂಬಿದ್ದೆ. ಅದನ್ನು ಸಹಿಸುವುದು ಬೈಗುಳಕ್ಕಿಂತ ಕಷ್ಟವಾಯಿತು.

ಹೋಗಬೇಡ. ಈಗ ಸದ್ದಡಗಿದೆ ಎನ್ನುತ್ತಾರೆ. ಫಿರಂಗಿ ಹಿಂದೆ ಸರಿದಿದೆ ಎಂದು ಯಾರೂ ಹೇಳಿಲ್ಲ. ಗಂಡ ಕರೆದರೂ ಹೋಗಲಿಲ್ಲವೆಂದು ಅಕ್ಕನಿಗೆ ಸಿಟ್ಟು ಬಂದರೆ ನನ್ನ ಹೆಸರು ಹೇಳು.

ನಿನ್ನ ಸೋದರಮಾವ,
ಚಿಕ್ಕಸ್ವಾಮಿ

ಇನ್ನೊಂದು ಮಾತು: ಅಂದು ನಕ್ಷೆ ನೋಡಲು ಹೇಳಿದವನು ಗುರು. ಎಟುಕುತ್ತದೆ ಎಂದು ಅವನಿಗೆ ಫೋನಿನಲ್ಲಿ ತಿಳಿಸಿದ್ದೆ. "ಅವಳಿಗೆ ಹೇಳ್ಬೇಡಿ ಮಾವ, ಬರದೇ ಇದ್ಬುಡ್ತಾಳೆ" ಎಂದ. ಆಗಲಿ ಎಂದೆ.