ಬ್ರೇಕಿನ ವಿಷಯ ಅಣ್ಣನಿಗೆ ಗೊತ್ತಿತ್ತು

ಡಿಸೆಂಬರ್ 28, ಭಾನುವಾರ

ಮೈಮೇಲೆ ಒಂದು ಗೀರೂ ಇಲ್ಲ. ಆದರೂ ನಿದ್ದೆ ಹತ್ತುತ್ತಿಲ್ಲ.

ಅಪ್ಪ ಇದ್ದಾಗಿನಿಂದಲೂ ವರ್ಷದ ಕೊನೆಯ ಭಾನುವಾರ ಮನೆಯವರೆಲ್ಲ ಊಟ ಕಟ್ಟಿಕೊಂಡು ಕೆರೆಯ ದಂಡೆಗೆ ಹೋಗುತ್ತೇವೆ. ಈ ಸಲವೂ ಅಣ್ಣನ ವ್ಯಾನಿನಲ್ಲೇ ಹೊರಟೆವು. ಮುಂದಿನ ಸೀಟೇ ಬೇಕೆಂದು ನನ್ನ ಮಗಳು ಹಟ ಹಿಡಿದಳು. ಅಣ್ಣನೇ ಎತ್ತಿ ಪಕ್ಕದಲ್ಲಿ ಕೂರಿಸಿಕೊಂಡ.

ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಎದುರಿಗೆ ಲಾರಿ ಬರುತ್ತಿತ್ತು. ಅಣ್ಣ ಸ್ಟೀರಿಂಗ್ ತಿರುಗಿಸಿ ವ್ಯಾನನ್ನು ರಸ್ತೆ ಬದಿಯ ಮರಳುಗುಡ್ಡೆಗೆ ನುಗ್ಗಿಸಿದ. ಕೂದಲೆಳೆಯಲ್ಲಿ ಬದುಕಿದೆವು. ನಾನಂತೂ ಅವನ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಆಮೇಲೆ ವ್ಯಾನ್ ಎಳೆದೊಯ್ಯಲು ಮೆಕ್ಯಾನಿಕ್ ಬಂದ. ಬಂದವನೇ ಅಣ್ಣನ ಮೇಲೆ ರೇಗಿದ: "ಬ್ರೇಕ್ ನಂಬೋ ಹಾಗಿಲ್ಲ, ಗಾಡಿ ಹೊರಗೆ ತೆಗೀಬೇಡಿ ಅಂತ ಮೊನ್ನೇನೇ ಹೇಳಿದ್ನಲ್ಲ ಸಾರ್!"

ಅಣ್ಣ ನನ್ನ ಮುಖ ನೋಡಲಿಲ್ಲ. ಪಕ್ಕಕ್ಕೆ ಕರೆದು ಕೇಳಿದೆ.

"ಹೇಳಿದ್ರೆ ನೀವ್ಯಾರೂ ಹೊರಡ್ತಿರ್ಲಿಲ್ಲ ಕಣೇ. ಅಪ್ಪ ಒಂದ್ ವರ್ಷಾನೂ ತಪ್ಪಿಸಿರ್ಲಿಲ್ಲ. ನನ್ನ ಕಾಲದಲ್ಲಿ ನಿಂತುಹೋಯ್ತು ಅನ್ನಿಸ್ಕೋಬಾರ್ದು ಅಂತ..."

"ಬಸ್ಸಲ್ಲಿ ಹೋಗ್ಬಹುದಿತ್ತಲ್ಲ, ಅಣ್ಣಾ!"

ಅಮ್ಮ ನನ್ನನ್ನೇ ಗದರಿದರು: "ಏನೂ ಆಗ್ಲಿಲ್ವಲ್ಲ, ಸುಮ್ನಿರು. ಪಾಪ, ಅವನೇ ಹೆದರಿಬಿಟ್ಟಿದಾನೆ."

ಪಾಪವಂತೆ! ಎಲ್ಲ ಗೊತ್ತಿದ್ದೂ ನನ್ನ ಕೂಸನ್ನು ಮುಂದೆ ಕೂರಿಸಿಕೊಂಡನಲ್ಲ. ಲಾರಿಗಿಂತ ಅದೇ ಹೆಚ್ಚು ನಡುಕ ಹುಟ್ಟಿಸುತ್ತಿದೆ.

ಮಲಗುವಾಗ ಮಗಳು ಕೇಳಿದಳು: "ಮಾವ ನಮ್ಮನ್ನೆಲ್ಲ ಉಳಿಸಿದ್ರು, ಅಲ್ವಾಮ್ಮಾ?"

ಹೂಂ ಎಂದೆ. ಅವಳಿಗಾದರೂ ಮಾವ ಉಳಿಯಲಿ. ನನಗೆ ಮಾತ್ರ ಇನ್ನು ಅವನನ್ನು ಅಣ್ಣಾ ಎಂದು ಕರೆಯುವಾಗಲೆಲ್ಲ ಆ ಮುಂದಿನ ಸೀಟಿನಲ್ಲಿ ಕೂತ ಮಗಳೇ ಕಣ್ಣಮುಂದೆ ಬರುತ್ತಾಳೆ.