ಪಾಷಾಣ ಬಳಿದು ಹಿಂದಿರುಗಿಸಿದ ಮುಖವಾಡ

ಮಾನ್ಯ ವಸ್ತುಸಂಗ್ರಹಾಲಯದ ನಿರ್ದೇಶಕರೇ,

ನೀವು ಕಳೆದ ವಸಂತದಲ್ಲಿ ನಮ್ಮೂರಿಗೆ ಹಿಂದಿರುಗಿಸಿದ ಕಾಗೆಯ ಮುಖವಾಡಕ್ಕೆ ಪಾಷಾಣ ಬಳಿದಿದೆ. ಹುಳ ಹಿಡಿಯಬಾರದೆಂದು ನಿಮ್ಮ ಹಿಂದಿನವರು ಬಳಿದರಂತೆ. ಅದು ನಿಮಗೆ ಗೊತ್ತಿತ್ತು. ನಮಗೆ ಗೊತ್ತಾದದ್ದು ನನ್ನ ಸೋದರಮಾವ ಹಾರ್ವಿಯವರ ಬಾಯಿಗೆ ಹೋದ ಮೇಲೆ.

ಇದನ್ನು ನಿಮ್ಮ ವರದಿಯಲ್ಲಿ ‘ಸಣ್ಣ ಗೊಂದಲ’ ಎಂದು ಬರೆದು ಕೈತೊಳೆದುಕೊಂಡಿದ್ದೀರಿ. ನಡೆದದ್ದನ್ನು ನಾನು ಹೇಳುತ್ತೇನೆ. ಕೂಟ, ಕುಣಿತ ನಡೆಯುವ ಊರಿನ ದೊಡ್ಡಮನೆಯಲ್ಲಿ ಪೆಟ್ಟಿಗೆ ಬಿಚ್ಚಿದೆವು. ದೂರ ಹೋಗಿ ಬಂದ ಮುಖವಾಡಕ್ಕೆ ಮೊದಲು ಉಣ್ಣಿಸುವುದು ನಮ್ಮ ಮನೆತನದ ಪದ್ಧತಿ. ಮಾವ ಬೆರಳಲ್ಲಿ ಮೀನೆಣ್ಣೆ ಅದ್ದಿ ಅದರ ಕೊಕ್ಕಿಗೆ ಸವರಿ, ಉಳಿದದ್ದನ್ನು ತಾವು ನೆಕ್ಕಿದರು. ಜೊತೆಯಲ್ಲಿ ಉಂಡ ಹಾಗೆ. ಅದು ಅವರ ತಾತನ ಮುಖವಾಡ. ಎಂಬತ್ತು ದಾಟಿದ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತರು. ನೀವು ಕಳಿಸಿದ್ದ ಹುಡುಗಿ ಕೈಗವಸು ಏರಿಸಿಕೊಳ್ಳುತ್ತಾ ಆಗ ಬಾಯಿ ಬಿಟ್ಟಳು.

“ಸಾರ್, ಅದನ್ನ ಬರಿಗೈಲಿ ಮುಟ್ಟಬಾರ್ದಿತ್ತು. ಮೇಲೆಲ್ಲ ಪಾಷಾಣ ಇದೆ.”

“ಈಗ ಹೇಳ್ತೀಯಲ್ಲಮ್ಮ,” ಎಂದರು ಮಾವ. “ನಾನು ನುಂಗಿ ಆಯ್ತಲ್ಲ.”

“ಕಾಪಾಡೋಕೆ ಅಂತ ಹಾಕಿರೋದು ಸಾರ್. ಹಾಳಾಗ್ಬಾರ್ದು ಅಂತ.”

ಮಾವನ ಹೆಂಡತಿ ಎಥೆಲ್ ಅತ್ತೆ ನೀರಿನ ಲೋಟ ಹಿಡಿದು ಬಂದರು. “ಮೊದ್ಲು ಬಾಯಿ ಮುಕ್ಕಳಿಸ್ರೀ. ನಮ್ಮನ್ನೂ ಇವ್ರು ಹೀಗೇ ಅಲ್ವಾ ಕಾಪಾಡಿದ್ದು? ಏನೋ ಗಟ್ಟಿ ಪಿಂಡ, ಬದುಕ್ಕೊಂಡ್ವಿ.”

ಮಾವ ಆಸ್ಪತ್ರೆ ಸೇರಿ, ಹೇಗೋ ಸುಧಾರಿಸಿಕೊಂಡು ಮನೆಗೆ ಬಂದರು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ನಿಮ್ಮ ಮೇಲೆ.

ಮುಖವಾಡ ನಿಮ್ಮ ಕೈಗೆ ಬಂದದ್ದಾದರೂ ಹೇಗೆ? ನಿಮ್ಮ ಫಲಕದಲ್ಲಿ ‘ಸಂಗ್ರಹಿಸಲಾಯಿತು’ ಎಂದಿತ್ತು. ಆಹಾ, ಎಂಥ ಸಭ್ಯ ಮಾತು. ಕರೆದವರಿಗೆಲ್ಲ ಉಣಬಡಿಸಿ, ಇದ್ದಬದ್ದದ್ದನ್ನು ಹಂಚಿ, ಹೆಸರು ಹಕ್ಕುಗಳನ್ನು ಮುಂದಿನವರಿಗೆ ಒಪ್ಪಿಸುವ, ಈ ನೆಲದ ಮೂಲನಿವಾಸಿಗಳಾದ ನಮ್ಮ ಪೊಟ್ಲಾಚ್ ಕೂಟ ಆಗ ಕಾನೂನಿನ ಪ್ರಕಾರ ಅಪರಾಧ. ಮಾವನ ತಾತ ಹಿಟ್ಟಿನ ಮೂಟೆ, ಕಂಬಳಿ ಹಂಚಿ ಸಿಕ್ಕಿಬಿದ್ದರು. ಮುಖವಾಡ ಒಪ್ಪಿಸು, ಇಲ್ಲವೇ ಜೈಲಿಗೆ ನಡೆ ಎಂದರು ಪೊಲೀಸರು. ತಾತ ಒಪ್ಪಿಸಿದರು, ಒಪ್ಪಿಸದವರು ಜೈಲಿಗೆ ಹೋದರು. ಕದ್ದವನನ್ನು ಜೈಲಿಗೆ ಹಾಕುವ ದೇಶಗಳು ಬೇಕಾದಷ್ಟಿವೆ. ಕೊಟ್ಟವನನ್ನು ಹಾಕಿದ ದೇಶ ಎಷ್ಟಿವೆ ಹೇಳಿ? ನಮ್ಮ ಕಾಡು, ನದಿ, ಮೀನು, ಕೊನೆಗೆ ವಸತಿಶಾಲೆಗೆಂದು ಮಕ್ಕಳನ್ನೂ ಕಿತ್ತುಕೊಂಡವರು ಸಜ್ಜನರು. ಕಂಬಳಿ ಹಂಚಿದವನು ಕೈದಿ. ಈ ಕೆನಡಾವನ್ನು ಕಟ್ಟಿದ್ದು ಹೀಗೆ. ಈಗ ವಿಮಾನ ನಿಲ್ದಾಣದಲ್ಲಿ ನಮ್ಮ ಕೆತ್ತನೆಯ ಕಂಬ ನಿಲ್ಲಿಸಿ ‘ನಮ್ಮ ಪರಂಪರೆ’ ಎನ್ನುತ್ತೀರಿ. ಯಾರ ಪರಂಪರೆ, ಸ್ವಾಮಿ? ಕೊಡುವುದನ್ನೇ ಅಪರಾಧ ಮಾಡಿದ ದೇಶಕ್ಕೆ ಹಿಂದಿರುಗಿಸುವುದೂ ನೆಟ್ಟಗೆ ಬರುವುದಿಲ್ಲ.

ಈ ಅಕ್ಟೋಬರ್‌ನ ಪೊಟ್ಲಾಚ್‌ನಲ್ಲಿ ಮಾವ ತಮ್ಮ ಕುಣಿತದ ಹಕ್ಕನ್ನು ಮಗನಿಗೆ ಒಪ್ಪಿಸಬೇಕು. ತಾತನ ಮುಖವಾಡ ತೊಟ್ಟು ಒಮ್ಮೆ ಕುಣಿದು ಒಪ್ಪಿಸಬೇಕೆಂಬುದು ಅವರ ಆಸೆ. ಮಂಡಿ ಸವೆದಿದೆ, ಮುಂದಿನ ವರ್ಷಕ್ಕೆ ಕುಣಿಯಲಾರರು. ಪಾಷಾಣ ತೆಗೆಸಿಕೊಡಿ ಎಂದು ಬರೆದೆವು. ‘ತೊಡಲು ಯೋಗ್ಯವಲ್ಲ, ಗಾಜಿನ ಪೆಟ್ಟಿಗೆಯಲ್ಲಿಟ್ಟು ವೀಕ್ಷಿಸಬಹುದು’ ಎಂದು ಉತ್ತರಿಸಿದಿರಿ. ಅಂದರೆ ಜೈಲು ಅದೇ, ಊರು ಮಾತ್ರ ಬೇರೆ. ಹೊಸದು ಕೆತ್ತಿಸಿಕೊಳ್ಳಿ ಎಂಬ ಉಪದೇಶ ಬೇರೆ. ಕೆತ್ತುವುದು ನಮಗೆ ಬರುತ್ತದೆ, ನೀವು ಕಲಿಸಬೇಕಿಲ್ಲ.

ಮೊನ್ನೆ ಮಾವ ಹೇಳಿದರು: “ಬರಿ ಮುಖದಲ್ಲೇ ಕುಣೀತೀನಿ ಬಿಡು.”

“ಮುಖವಾಡ ಎಲ್ಲಿ ಅಂತ ಜನ ಕೇಳ್ತಾರಲ್ಲ ಮಾವ?”

“ಕೇಳ್ಲಿ. ಹೇಳೋರನ್ನ ಕರ್ಸು.”

ಅದಕ್ಕೇ ಕರೆಯುತ್ತಿದ್ದೇನೆ. ನೀವೇ ಬರಬೇಕು, ಆ ಹುಡುಗಿಯನ್ನು ಕಳಿಸಿ ನುಣುಚಿಕೊಳ್ಳಬೇಡಿ. ಹೊಟ್ಟೆ ತುಂಬ ಊಟ ಹಾಕುತ್ತೇವೆ. ಕಂಬಳಿ ಕೊಡುತ್ತೇವೆ, ಧೈರ್ಯವಾಗಿ ತೆಗೆದುಕೊಳ್ಳಿ. ನಾವು ಕೊಡುವುದರಲ್ಲಿ ಏನೂ ಬೆರೆಸಿರುವುದಿಲ್ಲ. ನಮ್ಮಲ್ಲಿ ಉಡುಗೊರೆ ಪಡೆದವರು ಕಂಡದ್ದಕ್ಕೆಲ್ಲ ಸಾಕ್ಷಿ, ನಾಳೆ ಗೊತ್ತಿಲ್ಲ ಎನ್ನುವ ಹಾಗಿಲ್ಲ. ಮಾವ ಕುಣಿದು ಮುಗಿಸಿದಾಗ ನೀವು ಎದ್ದು ನಿಂತು, ಅವರ ಮಗನ ಮುಖ ನೋಡಿಕೊಂಡು, ಅಪ್ಪ ಯಾಕೆ ಬರಿ ಮುಖದಲ್ಲಿ ಕುಣಿಯಬೇಕಾಯಿತು ಎಂಬುದನ್ನು ನಿಮ್ಮ ಬಾಯಿಂದಲೇ ಹೇಳಬೇಕು.

ಇಂತಿ,
ನಿಮ್ಮ ಫಲಕಗಳ ಪ್ರಕಾರ ಎಂದೋ ಅಳಿದುಹೋದವರಲ್ಲೊಬ್ಬಳು,
ಲೊರೇನ್