ನಲವತ್ತಾರು ಸುತ್ತು

ಯಾದಗಿರಿ
11 ಫೆಬ್ರುವರಿ 2025, ಮಂಗಳವಾರ

ಪ್ರೀತಿಯ ಮಗಳು ಮೌನೇಶ್ವರಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯವ್ವಾ? ಹುಬ್ಬಳ್ಳಿಯ ಹಾಸ್ಟೆಲಿನ ಊಟ ಮೈಗೆ ಹತ್ತುತ್ತಿದೆಯೋ, ಇಲ್ಲ ಈಗಲೂ ಬಿಸ್ಕೀಟಿನ ಮೇಲೆಯೇ ದಿನ ದೂಡುತ್ತೀಯೋ? ದೀಪಾವಳಿಗೆ ಬಂದಾಗ ಒಣ ಕೆಮ್ಮಿತ್ತು. ಅದು ಹೋಯಿತೋ ಇಲ್ಲವೋ ಬರೆ. ಇಲ್ಲಿ ನಿನ್ನ ಅವ್ವನಿಗೆ ಮೊಣಕಾಲು ನೋವು ಬಿಟ್ಟರೆ ಎಲ್ಲ ಸುಖ. ನನಗೆ ಸಣ್ಣ ತಂತಿಯ ಗೇಜು ಕಾಣುತ್ತಿಲ್ಲವೆಂದು ಕನ್ನಡಕ ಮಾಡಿಸಿದ್ದೇನೆ. ಹಾಕಿಕೊಂಡರೆ ಥೇಟ್ ಸಾಲಿ ಮಾಸ್ತರ್ ಎಂದು ಅವ್ವ ನಗುತ್ತಾಳೆ. ಕಿಸೆಯಲ್ಲಿ ಫೋನ್ ಇಟ್ಟುಕೊಂಡು ಕಾಗದ ಬರೆಯುತ್ತಾನಲ್ಲ ಎಂದು ನೀನೂ ನಗಬೇಡ. ಫೋನಿನಲ್ಲಿ ನೀನು 'ಅಪ್ಪಾ, ಉಂಡಿ?' ಎನ್ನುತ್ತೀ, ನಾನು 'ಹ್ಞೂಂ, ಉಂಡೆ' ಎನ್ನುತ್ತೇನೆ. ಅಲ್ಲಿಗೆ ಮಾತು ಮುಗಿದು ಇಬ್ಬರೂ ಅವ್ವನ ದಾರಿ ನೋಡುತ್ತೇವೆ. ಮೂರು ತಿಂಗಳಿಂದ ಇದೇ ನಡೆದಿದೆ.

ಮೊನ್ನೆ ನಿನ್ನ ಗೆಳತಿ ನಂದಿನಿ ಸುಟ್ಟ ಮಿಕ್ಸರ್ ಹಿಡಿದುಕೊಂಡು ನಮ್ಮ ಮೋಟಾರು ರಿಪೇರಿಯ ಅಂಗಡಿಗೆ ಬಂದಿದ್ದಳು. ನಿನ್ನ ಎಂ.ಟೆಕ್ ಎಲ್ಲಿಗೆ ಬಂತು ಎಂದು ಕೇಳಿದೆ. ಆಕೆ ನೆಲ ನೋಡುತ್ತ, 'ಕಾಕಾ, ಆಕಿ ಆ ಮೋಟಾರಿನ ವಿಷಯಾನ ಬಿಡ್ತೀನಿ ಅನ್ನಾಕತ್ಯಾಳ್ರಿ. ಬ್ಯಾರೆ ವಿಷಯ ತಗೊಂಡ್ರ ಇನ್ನೊಂದು ವರ್ಷ ಹೆಚ್ಚಿಗಿ ಆಗ್ತದಂತ್ರಿ' ಎಂದಳು. ಇನ್ನು ಹತ್ತು ದಿನದಲ್ಲಿ, ಅಂದರೆ ಇಪ್ಪತ್ತೊಂದಕ್ಕೆ, ಕಾಲೇಜಿಗೆ ಬರೆದುಕೊಡಬೇಕಂತೆ. ಕಾರಣ ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವುದೇನಿದೆ, ಕಾರಣ ಅಂಗಡಿಯ ಕುರ್ಚಿಯ ಮೇಲೆಯೇ ಕುಳಿತಿತ್ತು. ನಮ್ಮ ಕಡೆ ಹೊಲದ ಮೋಟಾರುಗಳು ಸುಟ್ಟು ಮತ್ತೆ ಮತ್ತೆ ತಂತಿ ಸುತ್ತಿಸಿಕೊಂಡ ಮೇಲೆ ಹೇಗೆ ಓಡುತ್ತವೆ, ಎಷ್ಟು ಕರೆಂಟ್ ತಿನ್ನುತ್ತವೆ ಎಂಬುದು ನಿನ್ನ ವಿಷಯ. ಯಾದಗಿರಿ ಸುತ್ತಲಿನ ಹಳ್ಳಿಗಳಲ್ಲಿ ಆ ತಂತಿ ಸುತ್ತಿದವನು ಬಹುಪಾಲು ನಾನೇ. ಸತ್ಯ ಬರೆದರೆ ಅಪ್ಪನ ಮೇಲೆ ಬರೆದಂತಾಗುತ್ತದೆ ಎಂದು ನೀನು ಹಿಂದೆ ಸರಿಯುತ್ತಿದ್ದೀ. ಅಲ್ಲವೆಂದು ಹೇಳು ನೋಡೋಣ.

ದೀಪಾವಳಿಯ ಮಾತನ್ನೇ ತೆಗೆಯುತ್ತೇನೆ, ನೀನಂತೂ ತೆಗೆಯುವುದಿಲ್ಲ. ಅವತ್ತು ರಾಮಸಮುದ್ರದ ಅಮರಪ್ಪ ತನ್ನ ಮೋಟಾರು ಒಯ್ಯಲು ಬಂದು ಚಹಾ ಕುಡಿಯುತ್ತ ಕುಳಿತಿದ್ದ. ನೀನು ಮೀಟರ್ ಹಿಡಿದುಕೊಂಡು ಬಂದು, ಗಿರಾಕಿಯ ಎದುರಿಗೇ, 'ಅಪ್ಪಾ, ಕಂಪನಿಯವ್ರು ನಲವತ್ತಾರು ಸುತ್ತು ಹಾಕಿರ್ತಾರ. ನೀ ನಲವತ್ತಕ್ಕ ನಿಲ್ಲಸ್ತಿ. ಹಿಂಗ ಎಲ್ಲಾ ಮೋಟಾರಿಗೂ ಸುತ್ತು ಕಡಿಮಿ ಹಾಕಿದ್ರ ಅವು ಲೈನಿನ್ಯಾಗಿಂದು ಹೆಚ್ಚು ಹೆಚ್ಚು ಕರೆಂಟ್ ಎಳಿತಾವ, ಅದಕ್ಕ ಊರಿನ ವೋಲ್ಟೇಜ್ ಇನ್ನಷ್ಟು ಬೀಳ್ತದ' ಎಂದೆ. ಆಮೇಲೆ ನನ್ನ ಡೈರಿ ಕೇಳಿದೆ. ನನಗೆ ನೆತ್ತಿಗೇರಿತು. 'ಬಾಷುಮಿಯಾನ ಕೈಯಾಗ ಕಲ್ತಾಂವ ನಾ. ನಿನ್ನ ಮಾಸ್ತರ್ ಒಂದರ ಮೋಟಾರ್ ಬಿಚ್ಚ್ಯಾನೇನು?' ಎಂದು ಕೂಗಿ, ಡೈರಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ. ನೀನು ಅಮರಪ್ಪನ ಚಹಾದ ಗ್ಲಾಸು ತೊಳೆದಿಟ್ಟು ಒಳಗೆ ಹೋದೆ. ಮರುದಿನವೇ ಬಸ್ ಹತ್ತಿದೆ, ಇನ್ನೂ ಎರಡು ದಿನ ರಜೆ ಇತ್ತು. ಅದು ನನ್ನ ಮನಸ್ಸಿಗೆ ಬಹಳ ನಟ್ಟಿತು ನೋಡವ್ವಾ.

ಆ ಡೈರಿ ಏನೆಂದು ನಿನಗೆ ಗೊತ್ತು. ಯಾವ ಊರಿನ ಯಾವ ಮೋಟಾರಿಗೆ ಎಷ್ಟು ಸುತ್ತು, ಯಾವ ತಂತಿ ಎಂದು ಬರೆದಿಟ್ಟದ್ದು. ಬೇರೆ ಅಂಗಡಿಯವನು ಬಂದರೆ ನಾವು ಅದರ ಮೇಲೆ ಟವೆಲ್ ಮುಚ್ಚುತ್ತೇವೆ. ಮೊದಲ ಪುಟದಲ್ಲಿ ಮೂರು ಹೆಸರುಗಳಿವೆ. ಮೇಲಿನದು ಮಕ್ತುಮಸಾಬ, ಉರ್ದುವಿನಲ್ಲಿ. ಅದರ ಕೆಳಗೆ ಅವರ ಶಾಗಿರ್ದ, ಅಂದರೆ ಶಿಷ್ಯ, ಸುರಪುರದಲ್ಲಿ ನನಗೆ ಅನ್ನದ ದಾರಿ ತೋರಿಸಿದ ಉಸ್ತಾದ್ ಬಾಷುಮಿಯಾ. ಮೂರನೆಯದು 'ಹಣಮೇಶ' ಎಂದು, ಆ ಮುದುಕ ಅಕ್ಷರ ಕೂಡಿಸಿ ಕೂಡಿಸಿ ಕನ್ನಡದಲ್ಲಿ ಬರೆದದ್ದು. ಡೈರಿ ಕೊಡುವವನೇ ಪಡೆಯುವವನ ಹೆಸರು ಬರೆಯಬೇಕು, ಕೊಟ್ಟ ಮೇಲೆ ತಿರುಗಿ ಕೇಳಬಾರದು, ಇದು ನಮ್ಮಲ್ಲಿನ ರಿವಾಜು. ನೀನು ಎಂಟು ವರ್ಷದವಳಿದ್ದಾಗ ನನ್ನ ಪಕ್ಕ ಕುಳಿತು, ನಾನು ತಂತಿ ಸುತ್ತುವಾಗ ಒಂದು, ಎರಡು ಎಂದು ಎಣಿಸುತ್ತಿದ್ದೆ. ಎಣಿಕೆ ತಪ್ಪಿದರೆ ನನಗೇ ಬೈಯುತ್ತಿದ್ದೆ. ಒಂದು ದಿನ 'ನನ್ನ ಹೆಸರು ಯಾವಾಗ ಬರೀತಿ?' ಎಂದು ಕೇಳಿದೆ. 'ಇದು ಹೆಣ್ಮಕ್ಕಳ ಕೆಲಸ ಅಲ್ಲವ್ವಾ, ನೀ ಸಾಲಿ ಕಲಿ' ಎಂದು ನಾನು ನಕ್ಕೆ. ನೀನು ಕಲಿತೇ ಬಿಟ್ಟೆ.

ಈಗ ಸಮಾಚಾರ ಕೇಳು. ಸಂಕ್ರಾಂತಿಯ ಹೊತ್ತಿಗೆ ರಾಮಸಮುದ್ರದಲ್ಲಿ ನಮ್ಮ ಗಿರಾಕಿಗಳ ಹೊಲದ ಲೈನಿಗೆ ಹೊಸ ಟ್ರಾನ್ಸ್‌ಫಾರ್ಮರ್ ಕೂಡಿಸಿ ತಂತಿಯನ್ನೂ ಬದಲಾಯಿಸಿದರು. ಹತ್ತಾರು ವರ್ಷ ಮುನ್ನೂರು, ಮುನ್ನೂರಿಪ್ಪತ್ತರಲ್ಲಿ ಕುಂಟುತ್ತಿದ್ದ ವೋಲ್ಟೇಜ್ ಒಮ್ಮೆಲೇ ನಾನೂರರ ಮೇಲೆ ಹೋಯಿತು. ಅಮರಪ್ಪ ಪೇಢೆ ತಂದುಕೊಟ್ಟ. ಎಂಟು ದಿನ ಕಳೆಯಲಿಲ್ಲ, ಅದೇ ಅಮರಪ್ಪ ಟಂಟಂ ಆಟೋದಲ್ಲಿ ಸುಟ್ಟ ಮೋಟಾರು ಹಾಕಿಕೊಂಡು ಬಂದ. ಹಿಂದೆಯೇ ಇನ್ನೂ ಆರು ಬಂದವು. ಅಂಗಡಿಯ ತುಂಬ ಕಮರಿದ ವಾರ್ನಿಷ್ ವಾಸನೆ. ಏಳೂ ನಾನೇ ಸುತ್ತಿದವು. ಟ್ರಾನ್ಸ್‌ಫಾರ್ಮರ್ ಸರಿಯಿಲ್ಲ ಎಂದೆ. ತಂತಿಯ ಮಾಲು ಖೊಟ್ಟಿ ಎಂದೆ. ಬೇರಿಂಗ್ ಹಿಡಿದಿದೆ ಎಂದೂ ಒಬ್ಬನಿಗೆ ಹೇಳಿದೆ, ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಆಗ ಅಮರಪ್ಪ ನಿಧಾನವಾಗಿ, 'ಹಣಮೇಶಣ್ಣ, ಬಾಜೂ ಹೊಲದ ಗೊಲ್ಲಾಳಮ್ಮನ ಮೋಟಾರ್ ಇನ್ನೂ ಕಂಪನಿ ವೈಂಡಿಂಗ್ ಮ್ಯಾಲೇ ಅದ. ಅದು ಮೊದಲ ಏಳ್ತಿದ್ದಿಲ್ಲ, ಈಗ ಗುಂಯ್ ಅಂತ ಓಡಾಕತ್ತದ. ಸುಟ್ಟಿದ್ದು ನಿನ್ನವಽ ನೋಡು' ಎಂದ. ಜಗಳಕ್ಕೆ ಬಂದಿದ್ದರೆ ನಾನೂ ಜಗಳ ಮಾಡುತ್ತಿದ್ದೆ. ಅವನು ಜಗಳ ಮಾಡಲಿಲ್ಲ.

ಅವನು ಹೋದ ಮೇಲೆ ಟ್ರಂಕ್ ತೆಗೆದು ಡೈರಿ ಬಿಚ್ಚಿದೆ. ದಿನಾ ಬರೆಯುತ್ತೇನೆಯೇ ಹೊರತು ಮೊದಲಿನಿಂದ ಎಂದೂ ಓದಿದವನಲ್ಲ. ರಾಮಸಮುದ್ರದ ಸಾಲುಗಳಷ್ಟನ್ನೇ ಬೆರಳಿಟ್ಟು ಓದಿದೆ. ಬಾಷುಮಿಯಾನ ಕಾಲಕ್ಕೆ ನಲವತ್ತಾರು. 2003ರಲ್ಲಿ ಮೋಟಾರು ಏಳುತ್ತಿಲ್ಲವೆಂದು ರೈತರು ಬಂದರು, ಸುತ್ತು ಕಡಿಮೆಯಾದರೆ ಬಿದ್ದ ವೋಲ್ಟೇಜಿನಲ್ಲೂ ಚಾಲೂ ಆಗುತ್ತದೆಂದು ನಾನು ನಲವತ್ನಾಲ್ಕು ಮಾಡಿದೆ. 2011ಕ್ಕೆ ಮತ್ತೆ ಏಳುತ್ತಿಲ್ಲ, ನಲವತ್ತೆರಡು. 2018ಕ್ಕೆ ನಲವತ್ತು. ಹತ್ತಿಕುಣಿಯ ಪುಟದಲ್ಲೂ ಅದೇ ಕಥೆ. ಪ್ರತಿ ಸಲವೂ ವೋಲ್ಟೇಜ್ ಬಿದ್ದಿತೆಂದು ನಾನು ಸುತ್ತು ಇಳಿಸಿದೆ. ನಾನು ಇಳಿಸಿದ್ದಕ್ಕೇ ಅದು ಮತ್ತಷ್ಟು ಬೀಳುತ್ತಿತ್ತು ಎಂದು ನೀನು ಹೇಳಿದ ಮಾತು ನನ್ನ ಕೈಬರಹದಲ್ಲೇ ಬರೆದಿತ್ತು. ಬಿದ್ದ ವೋಲ್ಟೇಜಿಗೆಂದು ಸುತ್ತಿದವು, ಪೂರ್ತಿ ವೋಲ್ಟೇಜ್ ಬಂದೊಡನೆ ತಾಳದೆ ಸುಟ್ಟವು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದೆ. ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅಮರಪ್ಪನ ಮೋಟಾರನ್ನು ಬಿಚ್ಚಿ ಸುತ್ತಲು ಕುಳಿತೆ. ನಲವತ್ತಕ್ಕೆ ಕೈ ತಾನಾಗಿಯೇ ನಿಂತುಬಿಟ್ಟಿತು. ಇನ್ನಾರು ಸುತ್ತಿಗೆ ಬಾಯಿ ಬಿಟ್ಟು ಎಣಿಸಬೇಕಾಯಿತು, ಹೊಸದಾಗಿ ಕಲಿಯುವವನ ಹಾಗೆ. ಒಳಗಿಂದ ಅವ್ವ 'ಯಾರ ಕೂಡ ಮಾತಾಡಾಕತ್ತಿ?' ಎಂದಳು. ಮುಗಿದ ಮೇಲೆ ನೀನು ಬಿಟ್ಟುಹೋದ ಮೀಟರ್ ಹಚ್ಚಿದೆ. ನಲವತ್ತು ಸುತ್ತಿನದು, ಹತ್ತಿಕುಣಿಗೆ ಹೋಗಬೇಕಾದದ್ದು, ಪಕ್ಕದಲ್ಲೇ ಇತ್ತು. ಅದು ಬರಿದೇ ತಿರುಗುವಾಗಲೇ ಒಂಬತ್ತು ಆಂಪಿಯರ್ ತೋರಿಸಿತು. ಹೊಸದು ನಾಲ್ಕು. ಇಷ್ಟು ವರ್ಷ ನಾನು ಸದ್ದು ಕೇಳಿಯೇ ಮೋಟಾರು ಕೊಡುತ್ತಿದ್ದೆ, ಕಿವಿ ಇರುವಾಗ ಮೀಟರ್ ಯಾಕೆ ಎಂಬ ಜಂಬ. ಏಳೂ ಮೋಟಾರುಗಳನ್ನು ಸುತ್ತಿಕೊಟ್ಟು, ಸುತ್ತು ಯಾಕೆ ಹೆಚ್ಚಿಸಿದೆ ಎಂದು ಒಬ್ಬೊಬ್ಬರಿಗೂ ಬಾಯಿಬಿಟ್ಟು ಹೇಳಿದೆ. ಅಮರಪ್ಪ ಕೇಳಿ, 'ಅವತ್ತ ನಿನ್ನ ಮಗಳು ಇದ್ನ ಹೇಳಾಕತ್ತಿದ್ಲಲ್ಲ' ಎಂದ. ಹೌದು ಎಂದೆ. ಆ ಒಂದು 'ಹೌದು' ಹೇಳುವುದು ಏಳು ಮೋಟಾರು ಸುತ್ತುವುದಕ್ಕಿಂತ ಕಷ್ಟವಾಯಿತು.

ಒಂದು ಮಾತು ಮಾತ್ರ ನನ್ನ ಪರವಾಗಿಯೂ ಹೇಳುತ್ತೇನೆ. ಮೊದಲು ಬಿದ್ದದ್ದು ವೋಲ್ಟೇಜೇ, ನನ್ನ ಸುತ್ತಲ್ಲ. ಅವತ್ತು ನಲವತ್ನಾಲ್ಕು ಹಾಕದಿದ್ದರೆ ಆ ಬೆಳೆಗೆ ನೀರು ಸಿಗುತ್ತಿರಲಿಲ್ಲ. ಎದುರಿಗೆ ನಿಂತವನ ಹೊಲವಷ್ಟೇ ನನಗೆ ಕಾಣಿಸಿತು, ಇಡೀ ಊರಿನ ಲೈನು ಕಾಣಿಸಲಿಲ್ಲ. ಅಂಗಡಿಯಲ್ಲಿ ಕುಳಿತವನಿಗೆ ಅದು ಕಾಣುವುದೂ ಇಲ್ಲ. ಅದನ್ನು ನೋಡಲಿಕ್ಕೇ ನಿನ್ನಂಥವರು ಓದಬೇಕೇನೋ. ನೀನು ಬರೆಯುವುದಾದರೆ ಇದನ್ನೂ ಒಂದು ಸಾಲು ಬರೆ. ಬರೆಯುವುದಾದರೆ ಎಂದೆ. ವಿಷಯ ಇಟ್ಟುಕೊಳ್ಳುವುದು, ಬಿಡುವುದು ನಿನಗೆ ಬಿಟ್ಟದ್ದು. ನಾನು ಹತ್ತನೇ ಇಯತ್ತೆ ಓದಿದವನು, ಎಂ.ಟೆಕ್‌ನವರಿಗೆ ಬುದ್ಧಿ ಹೇಳಲಾರೆ.

ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಾಳೆ. ಶಹಾಪುರ, ಸುರಪುರದ ಮೇಲೆ ಹುಬ್ಬಳ್ಳಿಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ಪರಿಚಯದವನು, ಅವನ ಕೈಯಲ್ಲಿ ಈ ಕಾಗದದ ಜೊತೆಗೇ ಗಂಟು ಕಳಿಸುತ್ತೇನೆ. ಸ್ಟ್ಯಾಂಡಿಗೆ ಹೋಗಿ ಇಸಿದುಕೋ. ಹೊತ್ತಿಗೆ ಸರಿಯಾಗಿ ಉಣ್ಣು, ತಲೆಗೆ ಎಣ್ಣೆ ಹಚ್ಚಿಕೋ. ಅವ್ವನ ಆಶೀರ್ವಾದಗಳು. ತಿಂಥಣಿ ಮೌನಪ್ಪ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಹಣಮೇಶ

ತಾ.ಕ.: ಬಸ್ಸಿಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೇಲೆ ನಿನಗೆ ಬಿಟ್ಟದ್ದು ಎಂದದ್ದು ಸುಳ್ಳು. ವಿಷಯ ಬಿಡಬೇಡ ಮಗಳೇ. ರೊಟ್ಟಿಯ ಕೆಳಗೆ, ಹಳೆಯ ಟವೆಲಿನಲ್ಲಿ ಡೈರಿ ಸುತ್ತಿಟ್ಟಿದ್ದೇನೆ. ಇಪ್ಪತ್ತೆರಡು ವರ್ಷ ಯಾವ ಊರಿಗೆ ಎಷ್ಟು ಇಳಿಸಿದೆ ಎಂಬುದೆಲ್ಲ ಅದರಲ್ಲಿದೆ, ನನ್ನ ಹೆಸರು, ಅಂಗಡಿಯ ಹೆಸರು ಮುಚ್ಚದೆ ಬರೆ. ನೋಡಿಯಾದ ಮೇಲೆ ಡೈರಿ ವಾಪಸು ಕಳಿಸಲು ಹೋಗಬೇಡ. ಮೊದಲ ಪುಟದಲ್ಲಿ ನನ್ನ ಹೆಸರಿನ ಕೆಳಗೆ ನಿನ್ನ ಹೆಸರು ಬರೆದಿದ್ದೇನೆ, ಇನ್ನು ಅದನ್ನು ನಾನು ತಿರುಗಿ ಕೇಳುವ ಹಾಗಿಲ್ಲ.